ಪಾಲಾಕ್ಷಪ್ಪ ಮಾಸ್ತರರ ಸಾಧು ದೆವ್ವಗಳು

ಹಗರಿಬೊಮ್ಮನಹಳ್ಳಿಯ ಡ್ರಾಯಿಂಗ್ ಮಾಸ್ತರ ಪಾಲಾಕ್ಷಪ್ಪನವರಿಗೆ ಲೋಕದ ಮೇಲೆ ಇದ್ದ ಸಿಟ್ಟು ಒಂದೇ: ಅವರ ಮನೆಯಲ್ಲಿ ಯಾರೂ ಹೆದರುವುದಿಲ್ಲ.

ಅವರಿಗೆ ಯಾರೂ ಹೆದರುವುದಿಲ್ಲ ಎಂಬುದು ಹಳೆಯ ವಿಷಯ. ಮದುವೆಯಾಗಿ ಹದಿನೆಂಟು ವರ್ಷ ಕಳೆದ ಮೇಲೆ ಯಾವ ಗಂಡಸೂ ಅಂಥ ದುರಾಸೆ ಇಟ್ಟುಕೊಳ್ಳುವುದಿಲ್ಲ. (ಇಟ್ಟುಕೊಂಡವರು ಮನೆಯಲ್ಲಿ ಹೇಳುವುದಿಲ್ಲ.) ಮಾಸ್ತರರ ತಕರಾರು ಬೇರೆ. ತಾವು ರಾತ್ರಿ ಹಗಲು ಕೂತು, ಕರೀ ಇಂಕನ್ನು ನೀರಿನಂತೆ ಚೆಲ್ಲಿ ಬರೆದ ದೆವ್ವಗಳಿಗೂ ಇವರು ಹೆದರುವುದಿಲ್ಲವೆಂದರೆ ಏನರ್ಥ? ಗಂಡನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬೇಡ, ದೆವ್ವವನ್ನಾದರೂ ಹಿಡಿಯಬೇಡವೇ?

ಈ ದೆವ್ವಗಳ ಜನ್ಮಸ್ಥಾನ ಬುಡನ್ ಸಾಬರ ರದ್ದಿ ಅಂಗಡಿ. 1998ರ ಬೇಸಿಗೆ ರಜೆ ಶುರುವಾದ ವಾರ, ಹಂಪಿ ಕಡೆಯಿಂದ ಬಂದ ಹಳೇ ಪೇಪರಿನ ಮೂಟೆಯಲ್ಲಿ, ಯಾವನೋ ಜಪಾನೀ ಪ್ರವಾಸಿ ಬಿಟ್ಟುಹೋದ ಇಟ್ಟಂಗಿ ಗಾತ್ರದ ಚಿತ್ರದ ಪುಸ್ತಕವೊಂದು ಸಿಕ್ಕಿತ್ತು. ಮಾಸ್ತರರು ಮೊದಲ ಪುಟ ತೆರೆದರು. ಕಥೆ ಆಗಲೇ ಮುಗಿದುಹೋಗಿತ್ತು. ಎರಡನೇ ಪುಟದಲ್ಲಿ ಸತ್ತವನು ಮೂರನೇ ಪುಟದಲ್ಲಿ ಚಹಾ ಕುಡಿಯುತ್ತಿದ್ದ.

“ಬಲಗಡಿಯಿಂದ ಓದ್ರಿ ಮಾಸ್ತರ್ರ,” ಎಂದರು ಬುಡನ್ ಸಾಬರು ತಕ್ಕಡಿಯಿಂದ ತಲೆ ಎತ್ತದೆ. “ನಮ್ಮ ಉರ್ದು ಇದ್ದಂಗ ಐತಿ ಅದು. ಪುಸ್ತಕ ಸೀದಾ ಐತಿ, ನೀವು ಉಲ್ಟಾ ಅದೀರಿ.”

“ಇದಕ್ಕ ಏನಂತಾರ ಸಾಬರ?”

“ಮಾಂಗಾ ಅಂತಾರಂತ. ನಾ ಪೂರಾ ತಿರುವಿ ನೋಡೀನಿ, ಒಂದೂ ಮಂಗ್ಯಾ ಇಲ್ಲ.”

ಮಂಗ ಇರಲಿಲ್ಲ ನಿಜ, ದೆವ್ವಗಳಿದ್ದವು. ಬಾಯಿಗೆ ಬಟ್ಟೆ ಕಟ್ಟಿಕೊಂಡು ದಾರಿಹೋಕರನ್ನು ತಡೆದು ಏನೋ ಕೇಳುವ ಹೆಂಗಸು. ಯಾರಾದರೂ ಆಟಕ್ಕೆ ಕರೆದಾರೆಂದು ಶಾಲೆಯ ಪಾಯಿಖಾನೆಯಲ್ಲಿ ಕಾಯುತ್ತ ಕೂತ ಹುಡುಗಿ. ಮಳೆಯಲ್ಲಿ ತೊಯ್ಯುತ್ತಿದ್ದ ದೆವ್ವಕ್ಕೆ ತನ್ನ ಕೊಡೆ ಕೊಟ್ಟು ತಾನು ತೊಯ್ಯುತ್ತ ಹೋಗುವ ಗುಮಾಸ್ತ. ಆ ದೇಶದ ಊರೂರಿನ ಗಾಳಿಮಾತುಗಳನ್ನೇ ಯಾರೋ ಮೆತ್ತಗೆ, ಹೂವು ಎತ್ತಿದಂತೆ ಎತ್ತಿ ಚಿತ್ರ ಮಾಡಿದ್ದರು. ಒಂದಕ್ಷರ ತಿಳಿಯದಿದ್ದರೂ ಮಾಸ್ತರರ ಬೆನ್ನು ಝುಮ್ಮೆಂದಿತು, ಕಣ್ಣು ತೇವವಾಯಿತು. ಇಷ್ಟು ಕಾಲ ಲಾರಿಗಳ ಹಿಂದೆ ‘ಹಾರ್ನ್ ಮಾಡಿರಿ’, ಮದುವೆ ಚಪ್ಪರಕ್ಕೆ ‘ಸುಸ್ವಾಗತ’ ಬರೆದೇ ಸವೆದ ತಮ್ಮ ಕುಂಚಕ್ಕೆ ಇಂದು ಮೋಕ್ಷಮಾರ್ಗ ಕಂಡಿತು ಎಂದುಕೊಂಡರು. ಗಾಳಿಮಾತಿಗೆ ನಮ್ಮಲ್ಲೇನು ಬರವೇ? ನಮ್ಮ ಭೂತಕಾಲ ಜಪಾನಿನವರ ಭೂತಕಾಲಕ್ಕಿಂತ ಯಾವುದರಲ್ಲಿ ಕಡಿಮೆ?

ಹದಿನೈದೇ ದಿನದಲ್ಲಿ ತಮ್ಮೂರೂ ಸೇರಿ ಸುತ್ತಣ ಐದು ಊರುಗಳಿಂದ ಊರಿಗೊಂದರಂತೆ ದೆವ್ವಗಳನ್ನು ಒಕ್ಕಲೆಬ್ಬಿಸಿ ತಂದು ಹಾಳೆಯ ಮೇಲೆ ಕೂರಿಸಿದರು. ‘ಐದೂರಿನ ಸಾಧು ದೆವ್ವಗಳು’ ಎಂದು ಹೆಸರಿಟ್ಟು, ಮಾದರಿಗೆ ಎಂಟು ಪುಟ ನಕಲು ಮಾಡಿ ದಾವಣಗೆರೆಯ ‘ತೆನೆಗಾಳಿ’ ಮಾಸಪತ್ರಿಕೆಗೆ ಕಳಿಸಿದರು. ಸಂಪಾದಕರಿಂದ ಎಂಟನೇ ದಿನಕ್ಕೆ ಕಾರ್ಡು ಬಂತು.

‘ಚಿತ್ರಗಳು ಅಂದವಾಗಿವೆ. ದೆವ್ವಗಳು ಸಾಧುವಾಗಿರುವುದೂ ಒಪ್ಪಿಗೆಯೇ. ಆದರೆ ಸಾಧು ಎಂದರೆ ಸಪ್ಪೆ ಎಂದಲ್ಲ. ಎದೆ ಒಮ್ಮೆಯಾದರೂ ಝಲ್ಲೆನ್ನಬೇಕು. ತಮ್ಮ ಮನೆಯಲ್ಲಿ ಒಬ್ಬರಾದರೂ ನಿಜವಾಗಿ ಹೆದರಿದರೆ ಪುಸ್ತಕ ಅಚ್ಚು ಮಾಡೋಣ. ಆ ಕಡೆ ಬಂದಾಗ ಖುದ್ದಾಗಿ ವಿಚಾರಿಸಿಕೊಳ್ಳುತ್ತೇವೆ.’

ಪುಸ್ತಕ! ಅಚ್ಚು! ಮಾಸ್ತರರು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಮನೆಯಲ್ಲಿ ಹೆದರಬಲ್ಲವರನ್ನು ಎಣಿಸಿದರು. ಹೆಂಡತಿ ಪುಷ್ಪಲತಾ. ಶಾವಿಗೆ, ಸಂಡಿಗೆ ಮಾಡಲೆಂದು ಇಟ್ಟಿಗಿ ಗ್ರಾಮದಿಂದ ಬಂದಿಳಿದಿದ್ದ ಅತ್ತೆ ಬಸಲಿಂಗಮ್ಮ. ಒಟ್ಟು ಇಬ್ಬರು. ಒಬ್ಬರು ಸಾಕಲ್ಲ!

“ಹೆದರಿದ್ವಿ ಅಂತ ಬರದುಬಿಡ್ರಿ, ಕೆಲಸ ಮುಗೀತು,” ಎಂದಳು ಪುಷ್ಪಲತಾ, ಹಪ್ಪಳದ ಹಿಟ್ಟು ನಾದುತ್ತ.

“ಕಲಾವಿದ ಸುಳ್ಳು ಬರಿಯಂಗಿಲ್ಲ. ಮ್ಯಾಲೆ ಅವರು ಖುದ್ದಾಗಿ ಕೇಳತಾರಂತ.”

“ಕೇಳಿದ್ರ ಹೆದರಿದ್ವಿ ಅಂತೀವಿ. ಅಡಗಿ ಚೊಲೋ ಆಗೇತಿ ಅಂತ ನೀವು ದಿನಾ ಅನ್ನಂಗಿಲ್ಲೇನು?”

ಮಾಸ್ತರರು ಈ ಮಾತನ್ನು ಕೇಳಿಸಿಕೊಳ್ಳದಿರುವಷ್ಟು ಅನುಭವಸ್ಥರು. ಇಬ್ಬರನ್ನೂ ನಡುಮನೆಯಲ್ಲಿ ಕೂರಿಸಿ, ಕಿಟಕಿ ಅರ್ಧ ಮುಚ್ಚಿ, ಹಾಳೆಗಳನ್ನು ಒಂದೊಂದಾಗಿ ತೆರೆದರು.

“ಇದು ಕೊಟ್ಟೂರಿನ ದೆವ್ವ,” ದನಿಯನ್ನು ಪಾತಾಳಕ್ಕಿಳಿಸಿ ಶುರುಮಾಡಿದರು. “ಮಟಮಟ ಮಧ್ಯಾಹ್ನ... ಓಣ್ಯಾಗ ನರಪಿಳ್ಳಿ ಇಲ್ಲ... ಬೋರಿನ ಕೈಪಂಪು ತನ್ನಷ್ಟಕ್ಕ ತಾನ ಮ್ಯಾಲೆ ಕೆಳಗ, ಮ್ಯಾಲೆ ಕೆಳಗ... ಕೊಡಗಳು ತಾವ ತುಂಬತಾವ...”

ಬಸಲಿಂಗಮ್ಮ ಮುಂದಕ್ಕೆ ಬಾಗಿದರು. ಮಾಸ್ತರರ ಎದೆ ಹಿಗ್ಗಿತು.

“ಎಷ್ಟು ಕೊಡ?”

“ಅತ್ತೀರ, ಎಷ್ಟು ಕೊಡ ಅನ್ನೂದು ಇಲ್ಲಿ ಮುಖ್ಯ ಅಲ್ಲ...”

“ಯಾಕಲ್ಲ? ನಮ್ಮೂರಾಗ ರಟ್ಟಿ ಬಿದ್ದುಹೋಗೂಮಟ ಒತ್ತಿದರ ಅರ್ಧ ಕೊಡ ಬರಂಗಿಲ್ಲ. ಪಂಚಾಯ್ತಿಗೆ ಅರ್ಜಿ ಕೊಟ್ಟರ ಇಂಥಾದೊಂದು ದೆವ್ವ ನಮ್ಮ ಓಣಿಗೂ ಹಾಕಿಸ್ತಾರೇನು?”

ಮಾಸ್ತರರು ತುಟಿ ಕಚ್ಚಿ ಕೊಟ್ಟೂರನ್ನು ಮಡಚಿಟ್ಟು ಹಡಗಲಿಯನ್ನು ತೆರೆದರು. ಕಡೇ ಬಸ್ಸು ಹತ್ತಿ ಟಿಕೆಟ್ ಪಡೆದು ಕೂರುವ ಹೆಂಗಸು; ಇಳಿಯುವ ಊರು ಬಂದಾಗ ಸೀಟಿನ ಮೇಲೆ ಮಲ್ಲಿಗೆಯ ಮಾಲೆ ಮಾತ್ರ.

“ಹೂವು ಬಲಗಡಿ ಮುಡಿಸೀರಿ,” ಎಂದಳು ಪುಷ್ಪಲತಾ.

“ಏನೀಗ?”

“ಹಂಗ ಯಾರು ಮುಡೀತಾರ? ಮಾಲಿ ಬ್ಯಾರೆ ಜೋತುಬಿದ್ದೈತಿ.”

“ಸತ್ತಾಳ ಲೇ ಆಕಿ!”

“ಸತ್ತರ ಕನ್ನಡಿ ನೋಡಬಾರದೇನು?”

ಕೂಡ್ಲಿಗಿ ರಸ್ತೆಯ ಹುಣಸೆಮರದಡಿ ಲಾರಿ ನಿಲ್ಲಿಸಿ ಬೀಡಿಗೆ ಬೆಂಕಿ ಕೇಳುವ ಮುದುಕನ ದೆವ್ವವನ್ನು ಕಂಡು ಅತ್ತೆ, “ಪಾಪ, ಕೆಮ್ಮಿಗೆ ಶುಂಠಿ ಕಷಾಯ ಕುಡಿಬೇಕು ಅದು” ಎಂದು ಮರುಗಿದರು. ಹರಪನಹಳ್ಳಿ ಶಾಲೆಯ ಖಾಲಿ ಬೆಂಚಿನಿಂದ ಹಾಜರಿ ಹೊತ್ತಿಗೆ ‘ಯಸ್ ಸಾರ್’ ಎನ್ನುವ ದೆವ್ವವಂತೂ (ಹಿಂದಿನ ವರ್ಷ ಊರು ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಹೋದರೂ ಒಂದು ದಿನ ಗೈರುಹಾಜರಾಗದ ದೆವ್ವವದು) ತಾಯಿ ಮಗಳಿಬ್ಬರ ಮೆಚ್ಚುಗೆಗೂ ಪಾತ್ರವಾಯಿತು. ಬದುಕಿರುವ ಮಕ್ಕಳು ಅದನ್ನು ನೋಡಿ ಕಲಿಯಬೇಕು ಎಂದು ತೀರ್ಮಾನವಾಯಿತು.

ಉಳಿದದ್ದು ಸ್ವಂತ ಊರಿನ ದೆವ್ವ. ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಮನೆಬಾಗಿಲ ಮೇಲೆ ಇದ್ದಿಲಿನಿಂದಲೋ ಸುಣ್ಣದಿಂದಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ಹೆಂಗಸಿನ ರೂಪದ ದೆವ್ವವೊಂದು ಮನೆಯವರ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟರೆ ಮುಗಿಯಿತು. ಆದರೆ ಬಾಗಿಲ ಮೇಲಿನ ಬರಹ ಓದಿದರೆ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಸುದ್ದಿ. (ತಾಲ್ಲೂಕು ಕಚೇರಿಗೆ ಅಲೆದು ಅಭ್ಯಾಸವಿದ್ದ ಆತ್ಮವಿರಬೇಕು.) ಮಾಸ್ತರರು ಇದಕ್ಕೆ ಹನ್ನೆರಡು ಪುಟ ಮೀಸಲಿಟ್ಟಿದ್ದರು. ಕಡೆಯ ಚಿತ್ರದಲ್ಲಿ ದೆವ್ವ ಬಾಗಿಲು ಓದಿ, ಸೆರಗು ಹೊದ್ದು, ಖಾಲಿ ಬೀದಿಯಲ್ಲಿ ಹೊರಟುಹೋಗುತ್ತಿತ್ತು.

ಬಸಲಿಂಗಮ್ಮನ ಮುಖ ಕಪ್ಪಿಟ್ಟಿತು. ಕಣ್ಣು ಅಗಲವಾದವು. ತುಟಿ ಅದುರಿತು. ಹೆದರಿದರು! ಮಾಸ್ತರರು ಉಸಿರು ಬಿಗಿಹಿಡಿದರು.

“ಅಳಿಯಂದಿರ,” ಎಂದರು ಬಸಲಿಂಗಮ್ಮ. “ಇದು ಯಾರ ಮನಿ?”

“ಯಾರ ಮನಿ ಅಂದ್ರ... ಕಥಿಯೊಳಗಿನ ಮನಿ.”

“ಮನಿ ಬಾಗಲಿಗೆ ಬಂದ ಹೆಣ್ಮಗಳನ್ನ ಹಿಂಗ ಕಳಸೂದ? ಕುಂಕುಮ ಇಲ್ಲ, ನೀರಿಲ್ಲ, ಉಡಿ ತುಂಬಿಲ್ಲ! ಬರೀ ಉಡಿಲೆ ಹೊಂಟಾಳಲ್ಲ ನನ ಮಗಳು!”

“ದೆವ್ವ ಅತ್ತೀರ ಅದು!”

“ದೆವ್ವಾದ್ರ ಏನಾತು, ಹೆಣ್ಣು ಹೌದಿಲ್ಲೋ? ಹಣಿ ಮ್ಯಾಲೆ ನೀವ ಕುಂಕುಮ ಇಟ್ಟೀರಿ, ಕೈತುಂಬ ಬಳಿ ತೊಡಿಸೀರಿ. ಮುತ್ತೈದಿ ದೆವ್ವ! ಎರಡು ಹಿಡಿ ಅಕ್ಕಿ, ಒಂದು ಕೊಬ್ರಿ ಬಟ್ಲ, ಒಂದು ಕುಬಸದ ಖಣ ಹಾಕಿ ಕಳಿಸಿದ್ರ ನಿಮ್ಮ ಇಂಕು ತೀರಿಹೋಗತಿತ್ತೇನು?”

“ಮತ್ತ ‘ನಾಳೆ ಬಾ’ ಅಂತ ಬ್ಯಾರೆ ಬರದಾರ,” ಎಂದು ಪುಷ್ಪಲತಾ ತಾಯಿಯ ಗಾಯಕ್ಕೆ ಉಪ್ಪು ಸವರಿದಳು. “ಬರ್ರಿ ಅನ್ನಬೇಕಿಲ್ಲ?”

ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಪಕ್ಕದ ಮನೆ ಭರಮಮ್ಮನ ಮಾಳಿಗೆಯ ಮೇಲೆ ಶಾವಿಗೆ ಹೊಸೆಯಲು ಸೇರಿದ ಹೆಂಗಸರೆದುರು ಬಸಲಿಂಗಮ್ಮ ಸಮಗ್ರ ವರದಿ ಮಂಡಿಸಿದರು. ಸಂಜೆ ಮಾಸ್ತರರು ಬೀದಿಗಿಳಿದರೆ ಭರಮಮ್ಮ ಕಟ್ಟೆಯಿಂದಲೇ ತಡೆದಳು.

“ಆ ಹೆಣ್ಮಗಳಿಗೆ ಉಡಿ ತುಂಬಿದ್ರೇನ್ರಿ ಮಾಸ್ತರ?”

“ಯಾವ ಹೆಣ್ಮಗಳು?”

“ಅದ, ನೀವು ಹೊರಗ ಹಾಕಿದ್ರಂತಲ್ಲ.”

ಎದುರಿಗೆ ಬರುತ್ತಿದ್ದ ಇಬ್ಬರು ಗಂಡಸರು ನಿಂತು, ಮಾಸ್ತರರನ್ನು ಮೇಲಿನಿಂದ ಕೆಳಗೆ ನೋಡಿ, ಮುಂದೆ ಹೋದರು. ಪಾಲಾಕ್ಷಪ್ಪನವರ ರಕ್ತ ಕುದಿಯಿತು. ಎಂಥ ಅನ್ಯಾಯ! ದೆವ್ವವನ್ನು ಹುಟ್ಟಿಸಿದವರು ತಾವು, ಅದರ ಪರ ವಕೀಲಿಕೆ ಓಣಿಯ ಹೆಂಗಸರದು! ತಮ್ಮ ಪರವಾಗಿ ಇಷ್ಟು ವರ್ಷದಲ್ಲಿ ಯಾರಾದರೂ ಒಂದು ಮಾತಾಡಿದ್ದುಂಟೇ? ತಾವು ಹಸಿದು ಮನೆಗೆ ಬಂದಾಗ ‘ತಡೀರಿ, ಒಲಿ ಖಾಲಿ ಇಲ್ಲ’ ಎನ್ನುವವರು ದೆವ್ವ ಬಂದರೆ ಕೊಬ್ಬರಿ ಬಟ್ಟಲು ಹುಡುಕುತ್ತಾರಂತೆ! ಸಾಧು ದೆವ್ವಗಳ ಕಾಲ ಮುಗಿಯಿತು. ಇನ್ನು ಉಗ್ರವೇ ಗತಿ ಎಂದು ಶಪಥ ಮಾಡಿದರು.

ಶಪಥ ಜಾರಿಗೆ ಬಂದದ್ದು ಮರುದಿನ ಮಧ್ಯಾಹ್ನ. ಹೆಂಗಸರು ಮತ್ತೆ ಭರಮಮ್ಮನ ಮಾಳಿಗೆ ಹತ್ತಿದ್ದರು. ಹೊರಗೆ ಮೇ ತಿಂಗಳ ಬಿಸಿಲು. ನಾಯಿಗಳೂ ಚರಂಡಿ ಸೇರಿದ್ದವು. ಮಾಸ್ತರರು ಬನೀನಿನಲ್ಲಿ ಕೂತು, ಜಪಾನೀ ಪುಸ್ತಕವನ್ನು ಎದುರಿಗಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ ಆ ಹೆಂಗಸನ್ನು ನಮ್ಮ ಸೀಮೆಯ ಸೀರೆ ಉಡಿಸಿ ಬರೆಯತೊಡಗಿದರು. ಕಣ್ಣು ತಿದ್ದಿದರು. ಇನ್ನಷ್ಟು ತಿದ್ದಿದರು. ಆ ಕಣ್ಣು ತಮ್ಮನ್ನೇ ನೋಡತೊಡಗಿದಾಗ, ಕಲೆ ಸಿದ್ಧಿಸಿತೆಂದು ಸಂತೋಷವಾದರೂ, ಮನೆಯಲ್ಲಿ ಇನ್ನೊಬ್ಬರು ಯಾರಾದರೂ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

“ಪಾಲಾಕ್ಷಪ್ಪನವ್ರೇ...”

ಹೊರಗಿನಿಂದ ಹೆಂಗಸಿನ ದನಿ. ಕರಕರ ಒಡೆದ ದನಿ.

ಮಾಸ್ತರರ ಕೈಯಲ್ಲಿದ್ದ ಕುಂಚ ನಿಂತಿತು. ದೆವ್ವ ಎರಡು ಸಲ ಮಾತ್ರ ಕೂಗುತ್ತದೆ, ಮೂರನೆಯದು ಅದರ ಕೈಲಾಗದು. ಆದ್ದರಿಂದ ಮೂರನೇ ಕೂಗಿಗೆ ಮೊದಲು ಓಗೊಡಬಾರದು. ಆ ಸೀಮೆಯ ಕೂಸೂ ಬಲ್ಲ ನಿಯಮ ಅದು.

“ಪಾಲಾಕ್ಷಪ್ಪನವ್ರೇ...”

ಎರಡು. ಮಾಸ್ತರರು ಕಾದರು. ಮೂರನೇ ಕೂಗಿಗಾಗಿ ಮನೆದೇವರಿಗೆ ಹರಕೆ ಹೊತ್ತು ಕಾದರು. ಬಂದದ್ದು ಕೂಗಲ್ಲ, ಗಂಟಲೊಳಗಿನ ವಿಚಿತ್ರ ಗೊರಗೊರ ಸದ್ದು. ಗೋಡೆ ಹಿಡಿದು ಎದ್ದು ಕಿಟಕಿಯ ಸಂದಿಯಲ್ಲಿ ಇಣುಕಿದರು. ಬಿಸಿಲಲ್ಲಿ ಬೆಳ್ಳಗೆ ಹೊಳೆಯುವ ಸೀರೆ. ತಲೆಯ ಮೇಲೆ ಸೆರಗು. ಮೂಗಿನಿಂದ ಗದ್ದದ ತನಕ ಬಿಗಿದ ಬಟ್ಟೆ. ಹುಬ್ಬು, ರೆಪ್ಪೆಗಳೆಲ್ಲ ಮಣ್ಣಿನ ಬಣ್ಣ, ಈಗಷ್ಟೇ ನೆಲದಿಂದ ಎದ್ದು ಬಂದಂತೆ. ಪಾದ ಹಿಂದುಮುಂದಾಗಿವೆಯೇ ಎಂದು ನೋಡೋಣವೆಂದರೆ ಕಟ್ಟೆ ಅಡ್ಡ.

ಮುಂದಿನದನ್ನು ಮಾಸ್ತರರ ಕೈಕಾಲುಗಳೇ ನಿರ್ಧರಿಸಿದವು. ಒಂದು ಕೈಗೆ ಕಸಬರಿಗೆ ಬಂತು. ಇನ್ನೊಂದು ಕೈಗೆ ಬಸಲಿಂಗಮ್ಮನ ಎಡಗಾಲಿನ ಚಪ್ಪಲಿ ಬಂತು. ಬಾಯಿಂದ ಮನೆ ನಡುಗುವಂತೆ ಒಂದು ಆರ್ತನಾದ ಹೊರಟಿತು.

“ನಾಳಿ ಬಾ! ನಾಳಿ ಬಾ ಅಂದ್ರ ನಾಳಿ ಬಾ! ಇವತ್ತು ಯಾರೂ ಇಲ್ಲ! ನಾನೂ ಇಲ್ಲ!”

ಆ ಕಣ್ಣುಗಳು ಕಿಟಕಿಯತ್ತ ಹೊರಳಿ, ಕಸಬರಿಗೆಯನ್ನು ನೋಡಿದವು, ಚಪ್ಪಲಿಯನ್ನು ನೋಡಿದವು, ಒಂದು ಗಳಿಗೆ ಮಾಸ್ತರರ ಮುಖದ ಮೇಲೆ ನಿಂತವು. ಆಮೇಲೆ ಆ ಆಕೃತಿ ಸೆರಗು ಸರಿಪಡಿಸಿಕೊಂಡು ಖಾಲಿ ಬೀದಿಯಲ್ಲಿ ಹೊರಟುಹೋಯಿತು.

ಸಾಯಂಕಾಲದ ಹೊತ್ತಿಗೆ ಮಾಸ್ತರರಿಗೆ ಮೈಬೆವರು ಆರಿ ಶೌರ್ಯ ಬಂದಿತ್ತು. ಹಾಡುಹಗಲೇ ದೆವ್ವ ಬಂದದ್ದು, ತಾವು ಎದೆಗೊಟ್ಟು ನಿಂತದ್ದು, ಒಂದೇ ಗರ್ಜನೆಗೆ ಅದು ದಿಕ್ಕೆಟ್ಟು ಓಡಿದ್ದು ಎಲ್ಲವನ್ನೂ ಸವಿಸ್ತಾರ ಬಿತ್ತರಿಸಿದರು. ತಾಯಿ ಮಗಳಿಬ್ಬರೂ ಹೆದರಲಿಲ್ಲ.

“ನೀರಾದ್ರೂ ಕೊಟ್ರೇನು?” ಬಸಲಿಂಗಮ್ಮ ಕೇಳಿದರು.

“ದೆವ್ವಕ್ಕ ನೀರ?”

“ಇಂಥಾ ಬಿಸಲಾಗ ನಡಕೊಂತ ಬಂದೈತಿ...”

“ನನ್ನ ಜೀವ ಹೋಗತಿತ್ತು ಅತ್ತೀರ! ನಿಮಗ ಅದರ ಬಾಯಾರಿಕಿ ಚಿಂತಿ!”

“ಹೋಗಿಲ್ಲಲ್ಲ,” ಎಂದಳು ಪುಷ್ಪಲತಾ. ಆ ದನಿಯಲ್ಲಿ ಸಮಾಧಾನವಿತ್ತೋ ಇನ್ನೇನಿತ್ತೋ ಮಾಸ್ತರರಿಗೆ ತಿಳಿಯಲಿಲ್ಲ.

ಮನೆಯಲ್ಲಿ ಸಿಗದ ಮರ್ಯಾದೆ ಮರುದಿನ ಬೆಳಿಗ್ಗೆ ರದ್ದಿ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿ ದೆವ್ವ ಎರಡಾಳು ಎತ್ತರಕ್ಕೆ ಬೆಳೆದಿತ್ತು; ಚಪ್ಪಲಿಯ ಪ್ರಸ್ತಾಪ ಬರಲಿಲ್ಲ. ಕೇಳಿದ ಬುಡನ್ ಸಾಬರು, “ಧೈರ್ಯಕ್ಕ ಶಹಬ್ಬಾಸ್ ಮಾಸ್ತರ್ರ. ಆದ್ರ ನಾಳಿ ಬಾ ಅಂದೀರಲ್ಲ, ಇವತ್ತು ಬಂದ್ರ?” ಎಂದು ಕೇಳಿ ಮಾಸ್ತರರ ಚಹಾ ಕಹಿ ಮಾಡಿದರು.

ಮಧ್ಯಾಹ್ನ ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ಬಡಿಯಿತು.

ಮಾಸ್ತರರು ತಕ್ಷಣ ಅಡಿಗೆಮನೆಗೆ ವರ್ಗವಾದರು. ಬಾಗಿಲು ತೆಗೆದವರು ಬಸಲಿಂಗಮ್ಮ. ಹೊಸ್ತಿಲಾಚೆ ಅರವತ್ತರ ಹತ್ತಿರದ ಹೆಂಗಸು. ಕೆನೆಬಣ್ಣದ ಸೀರೆ, ಹಣೆಯಲ್ಲಿ ರೂಪಾಯಿ ಅಗಲ ಕುಂಕುಮ. ಆಕೆ ಮೂಗಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಧೂಳು ಕೊಡವಿದರು.

“ಕ್ಷಮಿಸ್ರಿ ತಾಯಿ. ರಸ್ತೆ ಅಗದು ಹಾಕಿದಾರೆ, ಬಸ್ಸಿನೊಳಗೆ ಮಣ್ಣೇ ಮಣ್ಣು. ನಿನ್ನೆ ಬಂದಿದ್ದೆ. ಒಳಗಿಂದ ನಾಳೆ ಬಾ ಅಂದ್ರು. ತಂಬ್ರಹಳ್ಳಿ ತಂಗಿ ಮನೇಲಿದ್ದು ಈಗ ಬಂದೆ. ನಾನು ಅನ್ನದಾನಮ್ಮ, ‘ತೆನೆಗಾಳಿ’ ಸಂಪಾದಕಿ.”

ಸಂಪಾದಕರೆಂದರೆ ದಪ್ಪ ಮೀಸೆ, ದಪ್ಪ ಕನ್ನಡಕ ಎಂದು ಇಷ್ಟು ದಿನ ಕಲ್ಪಿಸಿಕೊಂಡಿದ್ದ ಮಾಸ್ತರರಿಗೆ ಅಡಿಗೆಮನೆಯ ನೆಲ ಕುಸಿದಂತಾಯಿತು.

“ಯಾರಂದ್ರು ನಾಳಿ ಬಾ ಅಂತ?” ಬಸಲಿಂಗಮ್ಮನ ದನಿ ಏರಿತು.

“ಒಬ್ಬರು ಗಂಡಸರು. ಕೈಯಾಗ ಕಸಬರಿಗೆ ಇತ್ತು. ಇನ್ನೊಂದು ಕೈಯಾಗ...”

“ಯವ್ವಾ, ನಿನ್ನ ಚಪ್ಪಲಿ ನಿನ್ನೆ ನಡುಮನ್ಯಾಗ ಬಂದಿದ್ದು ಹೆಂಗ ಅಂತ ಈಗ ತಿಳೀತು,” ಎಂದು ಪುಷ್ಪಲತಾ ಸೆರಗು ಬಾಯಿಗಿಟ್ಟುಕೊಂಡಳು.

ಮುಂದೆ ನಡೆದದ್ದು ಒಂದು ಸಂಭ್ರಮ. ಅದರಲ್ಲಿ ಮಾಸ್ತರರಿಗೆ ಪಾತ್ರವಿರಲಿಲ್ಲ. ನೀರು ಬಂತು, ಮಜ್ಜಿಗೆ ಬಂತು, ಬೆಲ್ಲದ ಹಾಲಿನಲ್ಲಿ ಹೊಸ ಶಾವಿಗೆ ಬಂತು. ಬಸಲಿಂಗಮ್ಮ ಸಂಪಾದಕಿಯನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಹಾಕಿ ಉಡಿ ತುಂಬಿದರು. ತುಂಬುತ್ತಲೇ ಕೊಟ್ಟೂರು, ಹಡಗಲಿಯ ದೆವ್ವಗಳಿಗಾದ ಅನ್ಯಾಯಗಳನ್ನೂ ಒಂದೊಂದಾಗಿ ಅದೇ ಉಡಿಗೆ ಹಾಕಿದರು. ಅನ್ನದಾನಮ್ಮ ಕಣ್ಣೊರೆಸಿಕೊಂಡು ನಕ್ಕರು. ಹೂವನ್ನು ಎಡಕ್ಕೆ ತಿರುಗಿಸುವುದೆಂದೂ, ಕಡೆಯ ಪುಟದಲ್ಲಿ ದೆವ್ವ ತುಂಬಿದ ಉಡಿಯಲ್ಲೇ ಹೋಗುವುದೆಂದೂ ಮೂವರೂ ಒಮ್ಮತದಿಂದ ಗೊತ್ತುಮಾಡಿದ ಮೇಲೆ ಕಲಾವಿದರಿಗೆ ಬುಲಾವ್ ಬಂತು.

“ಮಾಸ್ತರೇ, ನಮ್ಮ ಷರತ್ತು ಈಡೇರಿತು,” ಎಂದರು ಅನ್ನದಾನಮ್ಮ. “ಮನೆಯಲ್ಲಿ ಒಬ್ಬರು ನಿಜವಾಗಿ ಹೆದರಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಪುಸ್ತಕ ಅಚ್ಚು ಮಾಡೋಣ. ಆದರೆ ಆರನೇ ಕಥೆಯೊಂದು ಸೇರಬೇಕು. ನಿನ್ನೆಯದು. ಆ ಕಿಟಕಿಯಲ್ಲಿ ನಾನು ಕಂಡ ಮುಖ ಇದೆಯಲ್ಲ, ಹಾಗೇ ಬರಬೇಕು. ನಾಲ್ಕು ಗಂಟೆ ಬಸ್ಸಿಗೆ ಒಯ್ತೀನಿ.”

“ನನ್ನ ಮುಖಾನ? ನಾನ ಬರೀಬೇಕ?” ಮಾಸ್ತರರು ಕೆರಳಿದರು. “ಇದು ಕಲೆಗೆ ಅಪಮಾನ ಆತ್ರಿ! ನಾ ಬರಿಯಂಗಿಲ್ಲ.”

“ಬ್ಯಾಡ ಬಿಡ್ರಿ,” ಎಂದಳು ಪುಷ್ಪಲತಾ. “ನಾ ಬರದು ಕೊಡತೀನಿ. ಒಂದು ಸೊನ್ನಿ, ಅದರಾಗ ಎರಡು ಸೊನ್ನಿ, ಕೆಳಗ ದೊಡ್ಡದೊಂದು ಸೊನ್ನಿ. ಇಷ್ಟ ಅಲ್ಲ?”

ಅಪಮಾನಕ್ಕಿಂತ ಹೆಂಡತಿಯ ಕೈಯ ಚಿತ್ರ ಭಯಂಕರವೆನಿಸಿ ಮಾಸ್ತರರು ಕನ್ನಡಿ ಎದುರಿಗಿಟ್ಟುಕೊಂಡು ಕೂತರು. ಬರೆಯುತ್ತ ಬರೆಯುತ್ತ ಎಲ್ಲವೂ ನೆನಪಾಯಿತು. ಓಣಿಯ ಮಾತು, ಕೊಬ್ಬರಿ ಬಟ್ಟಲು, ಹದಿನೆಂಟು ವರ್ಷದ ‘ಒಲಿ ಖಾಲಿ ಇಲ್ಲ’. ಸಿಟ್ಟೆಲ್ಲ ಕುಂಚಕ್ಕಿಳಿಯಿತು. ಕೆದರಿದ ಕೂದಲು, ತೆರೆದ ಬಾಯಿ, ಗುಡ್ಡೆ ಹೊರಬಿದ್ದ ಕಣ್ಣು, ಎತ್ತಿ ಹಿಡಿದ ಚಪ್ಪಲಿ. ಮುಗಿಸಿ, ಹಾಳೆಯನ್ನು ಒಣಗಲೆಂದು ನಡುಮನೆಯ ಗೋಡೆಗೆ ಒರಗಿಸಿಟ್ಟು ಮುಖ ತೊಳೆಯಲು ಹೋದರು.

ಮುಖಕ್ಕೆ ಸೋಪು ಹಚ್ಚಿದ್ದರಷ್ಟೆ, ಮನೆ ಬಿರಿಯುವಂತೆ ಒಂದು ಚೀರಾಟ ಕೇಳಿತು. ಹಿಂದೆಯೇ ಶಾವಿಗೆಯ ಮೊರ ನೆಲಕ್ಕೆ ಬಿದ್ದ ಸದ್ದು. ಮಾಸ್ತರರು ಸೋಪಿನ ಮುಖದಲ್ಲೇ ಓಡಿಬಂದರು. ಬಸಲಿಂಗಮ್ಮ ಕಂಬ ತಬ್ಬಿ ಗಡಗಡ ನಡುಗುತ್ತಿದ್ದರು. ಹಣೆಯಲ್ಲಿ ಬೆವರು. ಇದು ನಟನೆಯಲ್ಲ, ಅಪ್ಪಟ ಭಯ! ಕಡೆಗೂ, ಕಡೆಗೂ ತಮ್ಮ ಕುಂಚ ಗೆದ್ದಿತು! ಮಾಸ್ತರರು ಆನಂದದಿಂದ ಎರಡೂ ಕೈ ಎತ್ತಿದರು.

“ಅಳಿಯಂದಿರ,” ಎಂದು ಬಸಲಿಂಗಮ್ಮ ಗೋಡೆಯತ್ತ ಬೆರಳು ತೋರಿಸಿದರು. “ಆ ಐದೂ ಪಾಪದವು ಇದ್ವು. ಇದು... ಇದು ಯಾವೂರ ದೆವ್ವರಿ?”

ಮಾಸ್ತರರ ಕೈ ಕೆಳಗಿಳಿದವು. ಪುಷ್ಪಲತಾ ನೆಲಕ್ಕೆ ಬಿದ್ದ ಶಾವಿಗೆ ಬಳಿದು ಮೊರಕ್ಕೆ ಹಾಕುತ್ತ, ತಲೆ ಎತ್ತದೆ ಹೇಳಿದಳು:

“ಚೊಲೋತ್ನ್ಯಾಗ ನೋಡು ಯವ್ವಾ. ಐದೂರು ತಿರುಗಿ ನನಗಂತ ನೀನ ಹುಡುಕಿ ತಂದದ್ದಲ್ಲೇನು ಅದು?”